ಡಾಲ್ಮೋರ್ ಡಿಸ್ಟಿಲರಿ ಕಥೆ: ಪದೇ ಪದೇ ಕೇಳೋ ಪ್ರಶ್ನೆಗಳು

ಸ್ಕಾಟ್ಲೆಂಡಿನ ವಿಸ್ಕಿ ಡಾಲ್ಮೋರ್ ಅಂದ ತಕ್ಷಣ ನಮ್ಮವರಿಗೆ ನೆನಪಾಗೋದು ಎರಡೇ, ಬಾಟಲ್ ಮೇಲೆ ಅಂಟಿಸಿರೋ ಆ ಲೋಹದ ಸಾರಂಗದ ತಲೆ, ಆಮೇಲೆ ವಿಜಯ್ ಮಲ್ಯ. ಮಿಕ್ಕಿದ್ದನ್ನೆಲ್ಲ ಕಂಪ್ನಿಯವ್ರು ಹೇಳೋ ರಾಜ-ಬೇಟೆ ಕಥೆ ತುಂಬ್ಕೊಂಡ್ಬಿಟ್ಟಿದೆ. ನನ್ನ ಕೇಳಿದ್ರೆ ಈ ಡಿಸ್ಟಿಲರಿ ಹಿಸ್ಟರಿ ಅರ್ಥ ಆಗ್ಬೇಕು ಅಂದ್ರೆ ಸಾರಂಗನ ಬಿಟ್ಟು ದುಡ್ಡಿನ ಜಾಡು ಹಿಡೀಬೇಕು, ಯಾರ ದುಡ್ಡು ಯಾವಾಗ ಬಂತು ಯಾಕೆ ಹೋಯ್ತು ಅಂತ. ಹಾಗಾಗಿ ಉತ್ತರಗಳು ಆ ಕಡೆಗೇ ವಾಲಿರುತ್ತೆ, ಟೇಸ್ಟಿಂಗ್ ನೋಟ್ಸ್ ಹುಡುಕ್ಕೊಂಡು ಬಂದೋರಿಗೆ ಇಲ್ಲಿ ಜಾಸ್ತಿ ಏನೂ ಸಿಗಲ್ಲ.

ಡಾಲ್ಮೋರ್ ಇರೋದು ಎಲ್ಲಿ? ಐಲೇ ದ್ವೀಪದಲ್ಲಾ?

ಅಲ್ಲ. ಐಲೇ ಪಶ್ಚಿಮದಲ್ಲಿರೋ ದ್ವೀಪ, ಹೊಗೆ ವಾಸ್ನೆ ವಿಸ್ಕಿಗಳ ಊರು. ಡಾಲ್ಮೋರ್ ಇರೋದು ಸ್ಕಾಟ್ಲೆಂಡ್‌ನ ಗುಡ್ಡಗಾಡು ಸೀಮೆ ಹೈಲ್ಯಾಂಡ್ಸ್‌ನ ಉತ್ತರದಲ್ಲಿ, ಇನ್ವರ್ನೆಸ್ ದಾಟಿ ಮೇಲಕ್ಕೆ ಹೋದ್ರೆ ಸಿಗೋ ಆಲ್ನೆಸ್ ಅನ್ನೋ ಸಣ್ಣ ಊರಲ್ಲಿ. ಪಕ್ಕದಲ್ಲೇ ಕ್ರೋಮಾರ್ಟಿ ಫರ್ತ್ ಅಂತ ಸಮುದ್ರ ಒಳಗೆ ಚಾಚಿರೋ ಆಳವಾದ ಕೊಲ್ಲಿ ಇದೆ, ಭಟ್ಟಿ ಕಟ್ಟಿರೋದು ಅದರ ದಡದಲ್ಲಿ. ನೀರು ಆಲ್ನೆಸ್ ನದಿಯದ್ದು. ಆ ಕೊಲ್ಲಿನ ನೆನಪಲ್ಲಿಟ್ಕೊಳ್ಳಿ, ಮುಂದೆ ಈ ಡಿಸ್ಟಿಲರಿಗೆ ಬಂದ ಗ್ರಹಚಾರಕ್ಕೆಲ್ಲ ಅದೇ ಕಾರಣ. ಈ ಕಡೆ ಭಟ್ಟಿ ಇಳಿಸೋದು ಹೊಸದೂ ಅಲ್ಲ. ಕೊಲ್ಲಿಯ ಆಚೆ ದಡದ ಫೆರಿಂಟೋಷ್‌ನಲ್ಲಿ ಕಲೋಡನ್‌ನ ಫೋರ್ಬ್ಸ್ ಮನೆತನದವ್ರು 17ನೇ ಶತಮಾನದ ಕೊನೆಯಿಂದ 1784ರ ತನಕ ಸುಂಕಾನೇ ಕಟ್ಟದೆ ವಿಸ್ಕಿ ಮಾಡ್ಕೊಂಡು ಆರಾಮಾಗಿದ್ರು, ಪಾರ್ಲಿಮೆಂಟೇ ಕೊಟ್ಟಿದ್ದ ವಿನಾಯಿತಿ ಅದು.

ಶುರು ಮಾಡಿದ್ದು ಒಬ್ಬ ಅಫೀಮು ವ್ಯಾಪಾರಿ ಅಂತಾರೆ, ನಿಜಾನಾ?

ನಿಜ. 1839ರಲ್ಲಿ ಇದನ್ನ ಶುರು ಮಾಡಿದ್ದು ಅಲೆಕ್ಸಾಂಡರ್ ಮ್ಯಾಥಿಸನ್. ಇವನ ಚಿಕ್ಕಪ್ಪನೋ ಸೋದರಮಾವನೋ, ಸಂಬಂಧ ಹೇಗೇ ಹೇಳಿ, ಜೇಮ್ಸ್ ಮ್ಯಾಥಿಸನ್, ವಿಲಿಯಂ ಜಾರ್ಡಿನ್ ಜೊತೆ ಸೇರ್ಕೊಂಡು 1832ರಲ್ಲಿ ಚೀನಾದ ಕ್ಯಾಂಟನ್‌ನಲ್ಲಿ ಜಾರ್ಡಿನ್ ಮ್ಯಾಥಿಸನ್ ಕಂಪ್ನಿ ಕಟ್ಟಿದ ಆಸಾಮಿ. ಅಲೆಕ್ಸಾಂಡರ್ ಅದೇ ಕಂಪ್ನಿಯಲ್ಲಿ ಪಾರ್ಟ್ನರ್. ಟೀ, ರೇಷ್ಮೆ ಎಲ್ಲ ವ್ಯಾಪಾರ ಇತ್ತು ಆದ್ರೆ ನಿಜವಾದ ಲಾಭ ಅಫೀಮಿಂದ, ಚೀನಾ ಸರ್ಕಾರ ಬ್ಯಾನ್ ಮಾಡಿದ್ದ ಮಾಲನ್ನ ಕಳ್ಳಸಾಗಣೆ ಮಾಡಿ ಒಳಗೆ ನುಗ್ಗಿಸೋದು.

ವರ್ಷ ಗಮನಿಸಿ. ಆಲ್ನೆಸ್‌ನಲ್ಲಿ ಡಿಸ್ಟಿಲರಿ ಶುರುವಾದ ಅದೇ 1839ರಲ್ಲಿ ಚೀನಾ ಚಕ್ರವರ್ತಿಯ ಅಧಿಕಾರಿ ಲಿನ್ ಝೆಷು ಬ್ರಿಟಿಷ್ ವ್ಯಾಪಾರಿಗಳ ಹತ್ರ ಇದ್ದ 20 ಸಾವಿರಕ್ಕೂ ಜಾಸ್ತಿ ಪೆಟ್ಟಿಗೆ ಅಫೀಮು ಕಿತ್ಕೊಂಡು, ಸುಣ್ಣ ಉಪ್ಪು ಹಾಕಿ ಕರಗಿಸಿ ಸಮುದ್ರಕ್ಕೆ ಬಿಡಿಸ್ದ. ಅದಕ್ಕೇ ಮೊದಲ ಅಫೀಮು ಯುದ್ಧ ಶುರುವಾಗಿದ್ದು. ಯುದ್ಧ ಆಯ್ತು, ಹಾಂಗ್‌ಕಾಂಗ್ ಬ್ರಿಟಿಷರ ಕೈಗೆ ಬಂತು, ವ್ಯಾಪಾರ ಇನ್ನೂ ಜೋರಾಯ್ತು, ಅಲೆಕ್ಸಾಂಡರ್ ಊರಿಗೆ ವಾಪಸ್ ಬಂದು ಆ ದುಡ್ಡಲ್ಲಿ ಹೈಲ್ಯಾಂಡ್ಸ್‌ನಲ್ಲಿ ಜಮೀನು ತಗೋತಾ ಹೋದ, ಲಾಕಾಲ್ಷ್, ಆರ್ಡ್ರಾಸ್ ಅಂತ ಒಟ್ಟು 2 ಲಕ್ಷ ಎಕರೆಗೂ ಜಾಸ್ತಿ. ಎಂಪಿ ಆದ, ರೈಲ್ವೆ ಕಂಪ್ನಿಗೆ ಚೇರ್ಮನ್ ಆದ, ಕೊನೆಗೆ 1882ರಲ್ಲಿ ಸರ್ ಪದವಿನೂ ಬಂತು. ಇಷ್ಟು ದೊಡ್ಡ ಸಾಮ್ರಾಜ್ಯದಲ್ಲಿ ಡಿಸ್ಟಿಲರಿ ಅನ್ನೋದು ಒಂದು ಮೂಲೆ ಆಸ್ತಿ ಅಷ್ಟೇ.

ಬಾಟಲ್ ಡಬ್ಬಿ ಮೇಲೆ ಇವನನ್ನ ದೂರದೃಷ್ಟಿಯ ಉದ್ಯಮಿ ಅನ್ನೋ ಥರ ಬರ್ದಿರ್ತಾರೆ, ಅಫೀಮು ಅನ್ನೋ ಪದ ಹುಡುಕಿದ್ರೂ ಸಿಗಲ್ಲ.

ಹಾಗಿದ್ರೆ ಆ ದುಡ್ಡಲ್ಲಿ ಇಂಡಿಯಾದ ಪಾಲೂ ಇತ್ತು ಅಂತಾಯ್ತಲ್ಲ?

ಇತ್ತು. ಚೀನಾಕ್ಕೆ ಹೋಗ್ತಿದ್ದ ಅಫೀಮು ಬೆಳೀತಿದ್ದಿದ್ದೇ ಇಲ್ಲಿ. ಒಂದು ಬಿಹಾರ-ಬನಾರಸ್ ಕಡೆ ಈಸ್ಟ್ ಇಂಡಿಯಾ ಕಂಪ್ನಿ ಹಿಡಿತದಲ್ಲಿ ಬೆಳೆದು ಕಲ್ಕತ್ತಾದಲ್ಲಿ ಹರಾಜಾಗ್ತಿದ್ದ ಮಾಲು, ಇನ್ನೊಂದು ಇಂದೋರ್-ಉಜ್ಜಯಿನಿ ಸುತ್ತಿನ ಮಾಳ್ವಾ ಅಫೀಮು, ಇದು ಬಾಂಬೆಯಿಂದ ಹಡಗು ಹತ್ತೋದು. ಬಾಂಬೆಯಲ್ಲಿ ಜಾರ್ಡಿನ್ ಮ್ಯಾಥಿಸನ್‌ಗೆ ದೊಡ್ಡ ಪಾಲುದಾರ ಜಮ್‌ಸೇಟ್‌ಜೀ ಜೀಜಿಭಾಯ್, ಜೆಜೆ ಆಸ್ಪತ್ರೆ ಇದ್ಯಲ್ಲ ಆ ಹೆಸರಿನವ್ರೇ. ಮಲ್ಯ 2007ರಲ್ಲಿ ಡಾಲ್ಮೋರ್ ತಗೊಂಡಾಗ 'ಇಂಡಿಯಾ ದುಡ್ಡು ಸ್ಕಾಚ್‌ಗೆ ಮೊದಲ ಸಲ' ಅನ್ನೋ ಥರ ಖುಷಿ ಪಟ್ಟೋರು ಬಹಳ ಜನ. ಮಾಳ್ವಾದ ರೈತನ ಲೆಕ್ಕ ತಗೊಂಡ್ರೆ ಆ ದುಡ್ಡು ಅಡಿಪಾಯದಲ್ಲೇ ಇತ್ತು ಅನ್ಬೇಕು, ಅವನಿಗೆ ಸಿಕ್ಕಿದ್ದು ಎಷ್ಟು ಅನ್ನೋದು ಬೇರೆ ಮಾತು ಬಿಡಿ.

ಮ್ಯಾಥಿಸನ್ ತಾನೇ ನಿಂತು ವಿಸ್ಕಿ ಮಾಡಿಸ್ತಿದ್ನಾ?

ಇಲ್ಲ ಇಲ್ಲ, ಗುತ್ತಿಗೆಗೆ ಕೊಟ್ಟಿದ್ದ. ಮೊದ್ಲು ಬೇರೆಯವ್ರು ನಡೆಸಿದ್ರು, 1867ರಲ್ಲಿ ಮೆಕೆಂಜಿ ಅಣ್ಣತಮ್ಮಂದಿರ ಕೈಗೆ ಬಂತು. ಆಂಡ್ರ್ಯೂ, ಚಾರ್ಲ್ಸ್ ಅಂತ, ಇವ್ರೇ ಡಾಲ್ಮೋರ್‌ನ ಡಾಲ್ಮೋರ್ ಮಾಡಿದ್ದು. 1874ರಲ್ಲಿ ಭಟ್ಟಿ ಹಂಡೆಗಳನ್ನ ಎರಡರಿಂದ ನಾಲ್ಕು ಮಾಡಿದ್ರು. 1870ರಲ್ಲೇ ಆಸ್ಟ್ರೇಲಿಯಾಕ್ಕೆ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಲಿ ಬರೀ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ) ಕಳಿಸಿದ್ವಿ ಅಂತ ಕಂಪ್ನಿ ಹೇಳ್ಕೊಳ್ಳುತ್ತೆ, ಬೇರೆ ಬೇರೆ ಡಿಸ್ಟಿಲರಿಗಳದ್ದನ್ನ ಬೆರೆಸಿ ಮಾಡೋ ಬ್ಲೆಂಡೆಡ್ ವಿಸ್ಕಿ ಯುಗ ಶುರುವಾಗ್ತಿದ್ದ ಆ ಕಾಲಕ್ಕೆ ಅದು ದೊಡ್ಡ ಧೈರ್ಯವೇ. ಮ್ಯಾಥಿಸನ್ 1886ರಲ್ಲಿ ತೀರ್ಕೊಂಡ, 1891ರಲ್ಲಿ ಮೆಕೆಂಜಿಗಳು ಅವನ ವಾರಸುದಾರನಿಂದ ಡಿಸ್ಟಿಲರಿನ ಪೂರ್ತಿ ಕೊಂಡ್ಕೊಂಡ್ರು. ಗುತ್ತಿಗೆದಾರರು ಮಾಲೀಕರಾಗೋಕೆ 24 ವರ್ಷ ಹಿಡೀತು.

ಆ ಸಾರಂಗದ ತಲೆ ಏನು? 1263ರ ರಾಜನ ಕಥೆ ನಂಬ್ಬೋದಾ?

ಕಥೆ ಹೀಗಿದೆ: 1263ರಲ್ಲಿ ಸ್ಕಾಟ್ಲೆಂಡ್ ರಾಜ ಮೂರನೇ ಅಲೆಕ್ಸಾಂಡರ್ ಬೇಟೆಗೆ ಹೋದಾಗ ಒಂದು ಸಾರಂಗ ತಿರುಗಿ ಮೇಲೆ ಬಿತ್ತಂತೆ, ಕಾಲಿನ್ ಅನ್ನೋ ವೀರ ಒಂದೇ ಏಟಿಗೆ ಅದನ್ನ ಕೆಡವಿ ರಾಜನ್ನ ಉಳಿಸ್ದನಂತೆ, ರಾಜ ಮೆಚ್ಚಿ 12 ಕವಲಿನ ಕೊಂಬಿನ ಸಾರಂಗದ ತಲೆನ ಲಾಂಛನವಾಗಿ ಕೊಟ್ಟನಂತೆ. ಆ ಕಾಲಿನ್ನೇ ಮೆಕೆಂಜಿ ಕುಲದ ಮೂಲಪುರುಷ ಅಂತ ಲೆಕ್ಕ. ಲ್ಯಾಟಿನ್‌ನಲ್ಲಿ ಒಂದು ಧ್ಯೇಯವಾಕ್ಯನೂ ಇದೆ, 'ಬೆಳಗ್ತೀನಿ, ಸುಡಲ್ಲ' ಅಂತ.

ಕುಲದ ಲಾಂಛನ ಸಾರಂಗದ ತಲೆ ಅನ್ನೋದು ನಿಜ, ಮೆಕೆಂಜಿಗಳು ಅದನ್ನ ತಮ್ಮ ಬಾಟಲ್ ಮೇಲೆ ತಂದಿದ್ದೂ ನಿಜ. ಆದ್ರೆ ಕಾಲಿನ್ ಫಿಟ್ಜ್‌ಜೆರಾಲ್ಡ್ ಐರ್ಲೆಂಡಿಂದ ಬಂದ ವೀರ ಅನ್ನೋದೆಲ್ಲ 17ನೇ ಶತಮಾನದಲ್ಲಿ ಮನೆತನಕ್ಕೆ ತೂಕ ಬರ್ಲಿ ಅಂತ ಕಟ್ಟಿದ್ದು ಅನ್ನೋದು ಇತಿಹಾಸಕಾರರ ಅಭಿಪ್ರಾಯ. ಆಮೇಲೆ 1786ರಲ್ಲಿ ಮೆಕೆಂಜಿ ಮುಖ್ಯಸ್ಥ ಬೆಂಜಮಿನ್ ವೆಸ್ಟ್ ಹತ್ರ ಈ ಬೇಟೆಯ ಭಾರೀ ಪೇಂಟಿಂಗ್ ಬರೆಸಿದ, ಎಡಿನ್‌ಬರೋದ ನ್ಯಾಷನಲ್ ಗ್ಯಾಲರಿಯಲ್ಲಿದೆ ಅದು. ಚಿತ್ರ ದೊಡ್ಡದಾದಷ್ಟೂ ಕಥೆ ನಿಜ ಆಗ್ತಾ ಹೋಗುತ್ತೆ. ಮತ್ತೆ 1263ಕ್ಕೂ ವಿಸ್ಕಿಗೂ ಸಂಬಂಧ ಏನು? ಏನೂ ಇಲ್ಲ, ಡಿಸ್ಟಿಲರಿ ಶುರುವಾಗಿದ್ದೇ ಅದಾಗಿ 576 ವರ್ಷಕ್ಕೆ, ಅದೂ ಮ್ಯಾಥಿಸನ್ ಕೈಯಿಂದ. ಮೆಕೆಂಜಿಗಳ ಬದಲು ಇನ್ಯಾರೋ ಗುತ್ತಿಗೆ ಹಿಡಿದಿದ್ರೆ ಬಾಟಲ್ ಮೇಲೆ ಸಾರಂಗ ಇರ್ತಿರ್ಲಿಲ್ಲ.

ಡಿಸ್ಟಿಲರಿ ಒಳಗೆ ಬಾಂಬ್ ಮಾಡ್ತಿದ್ರಂತೆ, ಹೌದಾ?

ಬಾಂಬ್ ಅಲ್ಲ, ಸಮುದ್ರದಲ್ಲಿ ಬಿಡೋ ಮೈನ್, ಹಡಗು ಹತ್ರ ಬಂದ್ರೆ ಸಿಡಿಯೋದು. ನನಗೆ ಇಡೀ ಡಾಲ್ಮೋರ್ ಹಿಸ್ಟರಿಲಿ ಸಾರಂಗಕ್ಕಿಂತ ನೂರು ಪಾಲು ಇಂಟರೆಸ್ಟಿಂಗ್ ಅನ್ಸೋದು ಇದು, ಆದ್ರೆ ಮಾರ್ಕೆಟಿಂಗ್‌ನವ್ರು ಇದನ್ನ ಒಂದು ಸಾಲಲ್ಲಿ ಮುಗಿಸ್ತಾರೆ.

ಮೊದಲ ಮಹಾಯುದ್ಧದಲ್ಲಿ ಕ್ರೋಮಾರ್ಟಿ ಫರ್ತ್ ಬ್ರಿಟಿಷ್ ನೌಕಾಪಡೆಯ ದೊಡ್ಡ ನೆಲೆ, ಪಕ್ಕದ ಇನ್ವರ್‌ಗಾರ್ಡನ್ ಅದರ ಬಂದರು. ಜರ್ಮನ್ ಸಬ್‌ಮರೀನ್‌ಗಳು ಉತ್ತರ ಸಮುದ್ರದಿಂದ ಅಟ್ಲಾಂಟಿಕ್‌ಗೆ ನುಗ್ಗಿ ಹಡಗುಗಳನ್ನ ಮುಳುಗಿಸ್ತಾ ಇದ್ವು, ಅದನ್ನ ತಡಿಯೋಕೆ ಸ್ಕಾಟ್ಲೆಂಡ್ ಮೇಲಿನ ಆರ್ಕ್‌ನಿ ದ್ವೀಪಗಳಿಂದ ನಾರ್ವೆ ತನಕ ಸಮುದ್ರದಲ್ಲೇ ಮೈನ್‌ಗಳ ಬೇಲಿ ಹಾಕೋಣ ಅಂತ ಅಮೆರಿಕದವ್ರು ಪ್ಲಾನ್ ತಂದ್ರು. ಹುಚ್ಚು ಪ್ಲಾನ್ ಅನ್ಸುತ್ತೆ ಆದ್ರೆ ಮಾಡಿದ್ರು, 1918ರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 70 ಸಾವಿರ ಮೈನ್ ಹಾಕಿದ್ರು, ಅದ್ರಲ್ಲಿ 56 ಸಾವಿರಕ್ಕೂ ಜಾಸ್ತಿ ಅಮೆರಿಕದ್ದೇ.

ಇಷ್ಟು ಮೈನ್ ಜೋಡಿಸೋಕೆ ಜಾಗ ಬೇಕಲ್ಲ? ಗೋದಾಮು ಇರ್ಬೇಕು, ರೈಲು ಇರ್ಬೇಕು, ಸಮುದ್ರ ಪಕ್ಕದಲ್ಲೇ ಇರ್ಬೇಕು. ಅಂಥ ಕಟ್ಟಡ ಹೈಲ್ಯಾಂಡ್ಸ್‌ನಲ್ಲಿ ಯಾರ ಹತ್ರ ಇರುತ್ತೆ, ಡಿಸ್ಟಿಲರಿಗಳ ಹತ್ರ! 1917ರಲ್ಲಿ ನೌಕಾಪಡೆ ಡಾಲ್ಮೋರ್‌ನ ವಶ ಮಾಡ್ಕೊಂಡು ಅಮೆರಿಕನ್ನರಿಗೆ ಬೇಸ್ 17 ಅಂತ ಮಾಡಿಕೊಡ್ತು, ಇನ್ವರ್ನೆಸ್‌ನ ಗ್ಲೆನ್ ಆಲ್ಬಿನ್ ಡಿಸ್ಟಿಲರಿ ಬೇಸ್ 18 ಆಯ್ತು. ಅಮೆರಿಕದಿಂದ ಹಡಗಲ್ಲಿ ಬಂದ ಬಿಡಿಭಾಗಗಳು ಪಶ್ಚಿಮ ಕರಾವಳಿಯ ಕೈಲ್ ಆಫ್ ಲಾಕಾಲ್ಷ್‌ನಲ್ಲಿ ಇಳಿದು, ಅಲ್ಲಿಂದ ರೈಲಲ್ಲಿ ಈ ಕಡೆ ಬರ್ತಿದ್ವು. ಲಾಕಾಲ್ಷ್ ಅಂದ್ರೆ ಮ್ಯಾಥಿಸನ್ ಅಫೀಮು ದುಡ್ಡಲ್ಲಿ ಕೊಂಡಿದ್ದ ಅದೇ ಜಮೀನು, ರೈಲ್ವೆನೂ ಅವನು ಚೇರ್ಮನ್ ಆಗಿದ್ದ ಹೈಲ್ಯಾಂಡ್ ರೈಲ್ವೆಯದ್ದೇ. ಅಮೆರಿಕನ್ನರು ಕಟ್ಟಿದ ಜೆಟ್ಟಿನ ಜನ ಈಗಲೂ ಯಾಂಕಿ ಪಿಯರ್ ಅಂತಾರೆ.

ತಮಾಷೆ ಏನಂದ್ರೆ 1914ರಿಂದ ಅಮೆರಿಕನ್ ನೌಕಾಪಡೆ ಹಡಗುಗಳಲ್ಲಿ ಮದ್ಯ ಪೂರ್ತಿ ನಿಷೇಧ. ಕುಡಿಯೋ ಹಾಗೇ ಇಲ್ಲದ ನಾವಿಕರಿಗೆ ಸರ್ಕಾರ ಹುಡುಕಿ ಹುಡುಕಿ ಕೊಟ್ಟ ಕೆಲ್ಸದ ಜಾಗ ಎರಡೂ ವಿಸ್ಕಿ ಡಿಸ್ಟಿಲರಿ.

ಯುದ್ಧ ಮುಗಿದ್ಮೇಲೆ ವಾಪಸ್ ಕೊಟ್ರಾ? ಪರಿಹಾರ?

1920ರಲ್ಲಿ ನೌಕಾಪಡೆ ಜಾಗ ಖಾಲಿ ಮಾಡ್ತು, ಆದ್ರೆ ಸ್ಫೋಟ ಆಗಿ ಬೆಂಕಿ ಬಿದ್ದು ಡಿಸ್ಟಿಲರಿ ಬಹಳಷ್ಟು ಹಾಳಾಗಿತ್ತು. ಆಂಡ್ರ್ಯೂ ಮೆಕೆಂಜಿ ಸುಮ್ನೆ ಬಿಡ್ಲಿಲ್ಲ, ನೌಕಾಪಡೆ ಮೇಲೆ ಕೇಸ್ ಹಾಕ್ದ, ಅದು ಆಗಿನ ಬ್ರಿಟನ್‌ನ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಯ್ತು. ಸರ್ಕಾರದ ಮೇಲೆ ಕೇಸ್ ಹಾಕಿದ್ರೆ ಎಷ್ಟು ವರ್ಷ ಹಿಡಿಯುತ್ತೆ ಅಂತ ನಮಗೇನು ಹೊಸದಾಗಿ ಹೇಳ್ಬೇಕಾ? 1922ಕ್ಕೆ ಭಟ್ಟಿ ಮತ್ತೆ ಶುರುವಾಯ್ತು. ಆದ್ರೆ ಕಾಲ ಕೆಟ್ಟಿತ್ತು, ಅಮೆರಿಕದಲ್ಲಿ ಪಾನನಿಷೇಧ, ಯೂರೋಪಲ್ಲಿ ದುಡ್ಡಿಲ್ಲ, ಸ್ಕಾಟ್ಲೆಂಡ್ ತುಂಬ ಡಿಸ್ಟಿಲರಿಗಳು ಬಾಗಿಲು ಹಾಕ್ತಾ ಇದ್ದ ದಶಕ ಅದು. ಬೇಸ್ 18 ಆಗಿದ್ದ ಗ್ಲೆನ್ ಆಲ್ಬಿನ್ 1983ರಲ್ಲಿ ಮುಚ್ಚಿ ಆಮೇಲೆ ನೆಲಸಮ ಆಯ್ತು. ಡಾಲ್ಮೋರ್ ಉಳ್ಕೊಂಡಿದ್ದೇ ಹೆಚ್ಚು.

ಹಳೇ ಹಂಡೆಗಳು ಇನ್ನೂ ಇದ್ಯಾ? ಬೇರೆ ಡಿಸ್ಟಿಲರಿಗಿಂತ ಏನು ಸ್ಪೆಷಲ್?

ಇದೆ, ಈ ಪ್ರಶ್ನೆ ಕೇಳಿದ್ದು ಒಳ್ಳೇದಾಯ್ತು. ಸ್ಕಾಚ್ ಮಾಲ್ಟ್‌ನ ಎರಡು ಸಲ ಭಟ್ಟಿ ಇಳಿಸ್ತಾರೆ. ಮೊದಲನೇ ಹಂಡೆಯಿಂದ ಕಮ್ಮಿ ಸ್ಟ್ರಾಂಗ್ ಸಾರಾಯಿ ಬರುತ್ತೆ, ಎರಡನೇದ್ರಲ್ಲಿ ಅದನ್ನ ಮತ್ತೆ ಕಾಯಿಸಿ ತಲೆ ಬಾಲ ಕತ್ತರಿಸಿ ನಡುವಿನ ಒಳ್ಳೇ ಭಾಗ ಮಾತ್ರ ತೆಗಿತಾರೆ. ಸಾಮಾನ್ಯವಾಗಿ ಹಂಡೆ ಮೇಲ್ಭಾಗ ಹಂಸದ ಕುತ್ತಿಗೆ ಥರ ಬಾಗಿರುತ್ತೆ. ಡಾಲ್ಮೋರ್‌ನಲ್ಲಿ ಮೊದಲನೇ ಹಂಡೆಗಳ ತಲೆ ಚಪ್ಪಟೆ, ಯಾರೋ ಕತ್ತರಿಸಿ ಮುಚ್ಚಳ ಹಾಕ್ದಂಗೆ. ಎರಡನೇ ಹಂಡೆಗಳ ಕುತ್ತಿಗೆಗೆ ತಾಮ್ರದ ಜಾಕೆಟ್ ಹಾಕಿ ಒಳಗೆ ತಣ್ಣೀರು ಹರಿಸ್ತಾರೆ. ಬಿಸಿ ಆವಿ ಮೇಲೇರ್ತಾ ತಣ್ಣಗಿನ ಗೋಡೆಗೆ ತಾಗಿ ಒಂದಷ್ಟು ನೀರಾಗಿ ವಾಪಸ್ ಕೆಳಗೆ ಬೀಳುತ್ತೆ, ಇಡ್ಲಿ ಪಾತ್ರೆ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತಲ್ಲ ಹಾಗೆ. ಎರಡೂ ಸೇರಿ ವಿಸ್ಕಿಗೆ ಒಂದು ತೂಕ ಬರುತ್ತೆ. ಆ ತೂಕ ಇರೋದ್ರಿಂದಾನೇ ಇವ್ರು ಶೆರ್ರಿ ಅನ್ನೋ ಸ್ಪೇನ್ ವೈನ್ ತುಂಬಿದ್ದ ಪೀಪಾಯಿಲಿ ವರ್ಷಗಟ್ಟಲೆ ಇಟ್ರೂ ಮರದ ರುಚಿ ಅದನ್ನ ನುಂಗಿಬಿಡಲ್ಲ. ಸ್ಪೇನ್‌ನ ಗೊನ್ಸಾಲೆಸ್ ಬ್ಯಾಸ್ ಕಂಪ್ನಿ ಜೊತೆ ಹಳೇ ಒಪ್ಪಂದ ಇದೆ, ಮತುಸಲೇಮ್ ಅನ್ನೋ 30 ವರ್ಷದ ಶೆರ್ರಿ ತುಂಬಿದ್ದ ಪೀಪಾಯಿಗಳು ಅಲ್ಲಿಂದ ಬರುತ್ತೆ.

ಒಂದು ಸ್ಪಿರಿಟ್ ಹಂಡೆಯ, ಅಂದ್ರೆ ಆ ಎರಡನೇ ಹಂಡೆಯ, ಭಾಗ 1874ರದ್ದು. 1966ರಲ್ಲಿ ಹಂಡೆಗಳನ್ನ ಎಂಟು ಮಾಡಿದಾಗ ಹಳೇವದ್ದೇ ಆಕಾರ ಕಾಪಿ ಹೊಡೆದ್ರು. ಬಾರ್ಲಿ ಮೊಳಕೆ ಬರಿಸೋದು ಮಾತ್ರ ಈಗ ಅಲ್ಲಿ ಇಲ್ಲ, 1956ರ ತನಕ ನೆಲದ ಮೇಲೆ ಹರಡಿ ಮನುಷ್ಯರೇ ತಿರುವಿ ಹಾಕ್ತಿದ್ರು, ಆಮೇಲೆ ಸಾಲಡಿನ್ ಬಾಕ್ಸ್ ಅನ್ನೋ ಮಷೀನ್ ತೊಟ್ಟಿ ಬಂತು, 1982ರಲ್ಲಿ ಅದನ್ನೂ ನಿಲ್ಸಿ ಹೊರಗಿಂದ ತರಿಸೋಕೆ ಶುರು ಮಾಡಿದ್ರು.

ವೈಟ್ ಅಂಡ್ ಮಕಾಯ್ ಎಲ್ಲಿಂದ ಬಂತು ನಡುವೆ?

ಗ್ಲಾಸ್ಗೋದ ಬ್ಲೆಂಡೆಡ್ ವಿಸ್ಕಿ ಕಂಪ್ನಿ, 1882ರಲ್ಲಿ ಜೇಮ್ಸ್ ವೈಟ್, ಚಾರ್ಲ್ಸ್ ಮಕಾಯ್ ಇಬ್ರೂ ಸೇರಿ ಮಾಡಿದ್ದು. ಮೆಕೆಂಜಿಗಳ ಮಾಲ್ಟ್‌ಗೆ ಹಳೇ ಗಿರಾಕಿ. 1960ರಲ್ಲಿ ಎರಡೂ ಒಂದಾದ್ವು. ಅಲ್ಲಿಂದ ಮುಂದೆ ಮಾಲೀಕರ ಪಟ್ಟಿ ನೋಡಿದ್ರೆ ತಲೆ ತಿರುಗುತ್ತೆ: ಡಿಪಾರ್ಟ್‌ಮೆಂಟ್ ಸ್ಟೋರ್ ಖ್ಯಾತಿಯ ಹ್ಯೂ ಫ್ರೇಸರ್ ಕಂಪ್ನಿ, ಆಮೇಲೆ ಆಫ್ರಿಕಾದ ಗಣಿಗಳಲ್ಲಿ ದುಡ್ಡು ಮಾಡಿದ ಲೋನ್‌ರೋ, ಆಮೇಲೆ ಬ್ರೆಂಟ್ ವಾಕರ್, 1990ರಲ್ಲಿ ಅಮೆರಿಕನ್ ಬ್ರ್ಯಾಂಡ್ಸ್, 2001ರಲ್ಲಿ ಮ್ಯಾನೇಜರ್‌ಗಳೇ ಸೇರಿ ಕೊಂಡ್ಕೊಂಡು ಕಿಂಡಲ್ ಅಂತ ಹೆಸರಿಟ್ಟು ಸ್ವಲ್ಪ ಕಾಲಕ್ಕೇ ಹಳೇ ಹೆಸರಿಗೆ ವಾಪಸ್. ಹಂಡೆ ಮಾತ್ರ ಅದೇ, ಬೋರ್ಡ್ ಬದಲಾಗ್ತಾನೇ ಇತ್ತು.

ಮಲ್ಯ ಯಾಕೆ ತಗೊಂಡ್ರು? ಬರೀ ಶೋಕಿಗಾ?

ಶೋಕಿ ಇರ್ಲಿಲ್ಲ ಅಂತ ನಾನೂ ಹೇಳಲ್ಲ. ಆದ್ರೆ ಲೆಕ್ಕನೂ ಇತ್ತು. 2007ರ ಮೇನಲ್ಲಿ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ವೈಟ್ ಅಂಡ್ ಮಕಾಯ್‌ನ 59.5 ಕೋಟಿ ಪೌಂಡ್ ಕೊಟ್ಟು ಕೊಂಡ್ತು, ಆವತ್ತಿನ ಲೆಕ್ಕಕ್ಕೆ ಸುಮಾರು 4,800 ಕೋಟಿ ರೂಪಾಯಿ. ಡಾಲ್ಮೋರ್ ಅದರ ಜೊತೆ ಬಂದ ಆಭರಣ. ಜುರಾ, ಫೆಟ್ಟರ್‌ಕೇರ್ನ್, 1995ರಿಂದ ಮುಚ್ಚಿದ್ದ ಟ್ಯಾಮ್ನವುಲಿನ್, ಇನ್ವರ್‌ಗಾರ್ಡನ್‌ನ ದೊಡ್ಡ ಗ್ರೇನ್ ಡಿಸ್ಟಿಲರಿ ಎಲ್ಲ ಅದ್ರಲ್ಲಿತ್ತು. ಟ್ಯಾಮ್ನವುಲಿನ್‌ನ ಅದೇ ವರ್ಷ ಮತ್ತೆ ಶುರು ಮಾಡಿದ್ರು, ಅದಕ್ಕೆ ಮಾತ್ರ ಶಹಬ್ಬಾಸ್ ಅನ್ಲೇಬೇಕು.

ಯಾಕೆ ಬೇಕಿತ್ತು ಅಂದ್ರೆ, ನಮ್ಮಲ್ಲಿ ವಿಸ್ಕಿ ಅಂತ ಕಡಿಮೆ ರೇಟಿಗೆ ಮಾರೋದ್ರಲ್ಲಿ ಬಹಳಷ್ಟು ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್. ಯೂರೋಪ್‌ನವ್ರು ಇದನ್ನ ವಿಸ್ಕಿ ಅಂತ ಒಪ್ಪೋದೇ ಇಲ್ಲ, ಅವ್ರ ಕಾನೂನಲ್ಲಿ ವಿಸ್ಕಿ ಧಾನ್ಯದಿಂದಾನೇ ಆಗ್ಬೇಕು. ಸ್ವಲ್ಪ ಮೇಲಿನ ರೇಟಿನ ಬ್ರ್ಯಾಂಡ್‌ಗಳಿಗೆ, ಸಿಗ್ನೇಚರ್ ಆಂಟಿಕ್ವಿಟಿ ಥರದ್ದಕ್ಕೆ, ರುಚಿಗೋಸ್ಕರ ಸ್ಕಾಚ್ ಮಾಲ್ಟ್ ಸೇರಿಸ್ತಾರೆ. ಅದನ್ನ ಸ್ಕಾಟ್ಲೆಂಡಿಂದ ಟ್ಯಾಂಕರ್ ಲೆಕ್ಕದಲ್ಲಿ ತರಿಸ್ಬೇಕು. ಆ ಟೈಮಲ್ಲಿ ಸ್ಕಾಚ್ ಸ್ಟಾಕ್‌ಗೆ ಡಿಮ್ಯಾಂಡ್ ಏರ್ತಾ ಇತ್ತು, ರೇಟೂ ಏರ್ತಾ ಇತ್ತು. ಇವತ್ತು ಭಟ್ಟಿ ಇಳಿಸಿದ್ರೆ ಕನಿಷ್ಠ 3 ವರ್ಷ ಪೀಪಾಯಿಲಿ ಇಡದೆ ಅದನ್ನ ಸ್ಕಾಚ್ ಅನ್ನೋ ಹಾಗಿಲ್ಲ, ಹಾಗಾಗಿ ದುಡ್ಡಿದ್ರೂ ನಾಳೆ ಬೆಳಿಗ್ಗೆಗೆ ಸ್ಟಾಕ್ ಹುಟ್ಟಿಸೋಕಾಗಲ್ಲ, ಇರೋ ಗೋದಾಮನ್ನೇ ಕೊಂಡ್ಕೋಬೇಕು. ಮಲ್ಯ ಮಾಡಿದ್ದು ಅದನ್ನೇ. ರೇಟು ಜಾಸ್ತಿ ಆಯ್ತು, ಅದೂ ಸಾಲ ಎತ್ತಿ ಕೊಂಡಿದ್ದು, ಮರುವರ್ಷ ಇಡೀ ಪ್ರಪಂಚದ ಆರ್ಥಿಕತೆ ಬಿದ್ದೋಯ್ತು. ಐಡಿಯಾ ತಪ್ಪಲ್ಲ, ಟೈಮಿಂಗ್ ಕೆಟ್ಟಿತ್ತು ಅನ್ನೋದು ನನ್ನ ಅಭಿಪ್ರಾಯ.

ಮತ್ತೆ ಮಾರಿದ್ದು ಕಿಂಗ್‌ಫಿಷರ್ ಏರ್‌ಲೈನ್ಸ್ ಸಾಲಕ್ಕೆ ಅಲ್ವಾ?

ಎಲ್ರೂ ಹಾಗೇ ಅಂದ್ಕೊಂಡಿದಾರೆ, ನೇರ ಕಾರಣ ಅದಲ್ಲ. ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ನಿಂತೋಯ್ತು, ಮುಂದಿನ ತಿಂಗಳೇ ಬ್ರಿಟನ್‌ನ ದೈತ್ಯ ಮದ್ಯ ಕಂಪ್ನಿ ಡಿಯಾಜಿಯೋ ಯುನೈಟೆಡ್ ಸ್ಪಿರಿಟ್ಸ್‌ನಲ್ಲಿ ಪಾಲು ಕೊಳ್ಳೋ ಡೀಲ್ ಘೋಷಿಸ್ತು. ಡಿಯಾಜಿಯೋ ಹತ್ರ ಮೊದ್ಲೇ ಬೆಲ್ಸ್ ವಿಸ್ಕಿ ಇದೆ, ಅದರ ಜೊತೆ ವೈಟ್ ಅಂಡ್ ಮಕಾಯೂ ಸೇರಿದ್ರೆ ಬ್ರಿಟನ್ ಅಂಗಡಿಗಳಲ್ಲಿ ಪೈಪೋಟಿ ಕಮ್ಮಿ ಆಗುತ್ತೆ ಅಂತ ಅಲ್ಲಿನ ಸ್ಪರ್ಧಾ ನಿಯಂತ್ರಣ ಸಂಸ್ಥೆ ತಕರಾರು ತೆಗೀತು. ಡಿಯಾಜಿಯೋ ಜಾಣತನ ಮಾಡಿ ಡಾಲ್ಮೋರ್ ಮತ್ತೆ ಟ್ಯಾಮ್ನವುಲಿನ್ ಎರಡನ್ನ ಇಟ್ಕೊಂಡು ಮಿಕ್ಕಿದ್ದು ಮಾರ್ತೀನಿ ಅಂತ ಹೇಳಿ ನೋಡ್ತು. ಕೊನೆಗೆ ಎಲ್ಲಾನೂ ಒಟ್ಟಿಗೆ ಹೋಯ್ತು, 2014ರಲ್ಲಿ ಫಿಲಿಪ್ಪೀನ್ಸ್‌ನ ಎಂಪರಡಾರ್‌ಗೆ 43 ಕೋಟಿ ಪೌಂಡ್‌ಗೆ. ಕೊಂಡಿದ್ದಕ್ಕಿಂತ 16.5 ಕೋಟಿ ಪೌಂಡ್ ಕಮ್ಮಿ. ಎಂಪರಡಾರ್ ಅಂದ್ರೆ ಮನಿಲಾದ ಆಂಡ್ರ್ಯೂ ಟಾನ್ ಕಟ್ಟಿದ ಬ್ರಾಂಡಿ ಕಂಪ್ನಿ, ಈಗಲೂ ಡಾಲ್ಮೋರ್ ಅವರ ಕೈಯಲ್ಲೇ ಇದೆ.

ಅಂದ್ರೆ ಬೆಂಗಳೂರು ಯಜಮಾನಿಕೆ ನಡೆದಿದ್ದು ಹೆಚ್ಚು ಕಮ್ಮಿ 7 ವರ್ಷ. ಆ ಟೈಮಲ್ಲಿ ಭಟ್ಟಿ ಇಳಿದ ವಿಸ್ಕಿ ಈಗ 12, 15 ವರ್ಷದ ಬಾಟಲ್‌ಗಳಲ್ಲಿ ಬಂದಿದೆ, ಬರ್ತಾ ಇದೆ, ಲೇಬಲ್ ಮೇಲೆ ಮಾತ್ರ ಯಾರೂ ಬರೆಯಲ್ಲ.

ಅಂಟಾರ್ಟಿಕಾದಲ್ಲಿ ಸಿಕ್ಕ ವಿಸ್ಕಿ ಮಲ್ಯ ಪ್ಲೇನಲ್ಲಿ ಬಂತಂತೆ?

ಹೌದು ಕಣ್ರೀ, ಇದು ಪೂರ್ತಿ ನಿಜ. ಅರ್ನೆಸ್ಟ್ ಶ್ಯಾಕಲ್ಟನ್ 1907ರಲ್ಲಿ ದಕ್ಷಿಣ ಧ್ರುವಕ್ಕೆ ಹೊರಟಾಗ ಮ್ಯಾಕಿನ್ಲೇ ಅನ್ನೋ ವಿಸ್ಕಿ 25 ಪೆಟ್ಟಿಗೆ ಆರ್ಡರ್ ಮಾಡಿದ್ದ. ಕೇಪ್ ರಾಯ್ಡ್ಸ್‌ನ ಅವನ ಗುಡಿಸಲ ಅಡಿಯಲ್ಲಿ ಹಿಮದಲ್ಲಿ ಹೂತಿದ್ದ ಪೆಟ್ಟಿಗೆಗಳನ್ನ 2010ರಲ್ಲಿ ಹೊರಗೆ ತೆಗೆದ್ರು, ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್ ಮ್ಯೂಸಿಯಂನಲ್ಲಿ ಒಂದು ಪೆಟ್ಟಿಗೆನ ನಿಧಾನಕ್ಕೆ ಕರಗಿಸಿದ್ರೆ 11 ಬಾಟಲ್, ಒಳಗೆ ವಿಸ್ಕಿ ಹಾಗೇ ಇದೆ! ಮ್ಯಾಕಿನ್ಲೇ ಬ್ರ್ಯಾಂಡ್ ಆಗ ವೈಟ್ ಅಂಡ್ ಮಕಾಯ್‌ದು, ಅಂದ್ರೆ ಬೆಂಗಳೂರಿನದ್ದು. 2011ರ ಜನವರಿಯಲ್ಲಿ ಮೂರು ಬಾಟಲ್‌ನ ಮಲ್ಯ ಪ್ರೈವೇಟ್ ಜೆಟ್‌ನಲ್ಲಿ ಸ್ಕಾಟ್ಲೆಂಡ್‌ಗೆ ತಂದು ಇನ್ವರ್‌ಗಾರ್ಡನ್ ಲ್ಯಾಬಲ್ಲಿ ಪರೀಕ್ಷೆ ಮಾಡಿದ್ರು, ಬಾರ್ಲಿ ಒಣಗಿಸೋಕೆ ಉರಿಸಿದ ಪೀಟ್ (ಜೌಗು ನೆಲದಿಂದ ಅಗೆದು ತೆಗೆಯೋ ಇಂಧನದ ಮಣ್ಣು) ಆರ್ಕ್‌ನಿ ದ್ವೀಪದ್ದು ಅನ್ನೋ ತನಕ ಗೊತ್ತಾಯ್ತು. ಆಮೇಲೆ ಅದೇ ರುಚಿಯ ಕಾಪಿ ತಯಾರು ಮಾಡಿ ಮಾರಿದ್ರು, ಅದ್ರಲ್ಲಿ ಡಾಲ್ಮೋರ್ ಮಾಲ್ಟೂ ಇತ್ತು. ಒರಿಜಿನಲ್ ಮೂರನ್ನ 2013ರಲ್ಲಿ ವಾಪಸ್ ಅಂಟಾರ್ಟಿಕಾಕ್ಕೇ ಕಳಿಸಿದ್ರು.

ಕಾಪಿ ಮಾಡಿದ್ದು ಯಾರು?

ರಿಚರ್ಡ್ ಪ್ಯಾಟರ್ಸನ್. 1970ರಲ್ಲಿ ವೈಟ್ ಅಂಡ್ ಮಕಾಯ್ ಸೇರ್ಕೊಂಡು 26ನೇ ವಯಸ್ಸಿಗೇ ಮಾಸ್ಟರ್ ಬ್ಲೆಂಡರ್, ಅಂದ್ರೆ ವಿಸ್ಕಿ ಹದ ನೋಡಿ ಬೆರೆಸೋರ ಮುಖ್ಯಸ್ಥ, ಆದವ್ರು, ಅಡ್ಡಹೆಸರೇ 'ಮೂಗು'. ಆ ಮೂಗಿಗೆ ಇನ್ಶೂರೆನ್ಸ್ ಇದೆ. ಸ್ಟೇಜ್ ಮೇಲೆ ಗ್ಲಾಸ್ ತೊಳೆಯೋ ನೆಪದಲ್ಲಿ ಮೊದಲ ಪೆಗ್ಗನ್ನ ನೆಲಕ್ಕೆ ಎರಚಿಬಿಡ್ತಾರೆ, ಮುಂದಿನ ಸಾಲಲ್ಲಿ ಕೂತೋರ ಹೊಟ್ಟೆ ಉರಿಯುತ್ತೆ. ಇವರ ಕಾಲದಲ್ಲೇ ಡಾಲ್ಮೋರ್ ಬ್ಲೆಂಡ್‌ಗೆ ಮಾಲ್ಟ್ ಕೊಡೋ ಡಿಸ್ಟಿಲರಿ ಅನ್ನೋದ್ರಿಂದ ಶ್ರೀಮಂತರ ಶೋಕೇಸ್ ಬಾಟಲ್ ಆಗಿದ್ದು.

62 ವರ್ಷದ ಬಾಟಲ್‌ನ ಯಾರೋ ಹೋಟೆಲ್‌ನಲ್ಲಿ ಒಡೆದು ಕುಡಿದೇಬಿಟ್ಟರಂತೆ?

ಪುಣ್ಯಾತ್ಮ! ಡಾಲ್ಮೋರ್ 62 ಅಂತ ಬರೀ 12 ಬಾಟಲ್ ಮಾಡಿದ್ರು. 2002ರಲ್ಲಿ ಗ್ಲಾಸ್ಗೋ ಹರಾಜಲ್ಲಿ ಒಂದು 25 ಸಾವಿರ ಪೌಂಡ್ ದಾಟ್ತು. 2005ರಲ್ಲಿ ಇಂಗ್ಲೆಂಡಿನ ಸರ್ರೇಯ ಪೆನ್ನಿಹಿಲ್ ಪಾರ್ಕ್ ಹೋಟೆಲ್‌ನಲ್ಲಿ ಒಬ್ಬ ಗಿರಾಕಿ 32 ಸಾವಿರ ಪೌಂಡ್ ಕೊಟ್ಟು ಇನ್ನೊಂದನ್ನ ತಗೊಂಡು ಅಲ್ಲೇ ಫ್ರೆಂಡ್ಸ್ ಜೊತೆ ಮುಗಿಸ್ದ. 2011ರಲ್ಲಿ ಸಿಂಗಾಪುರದ ಚಾಂಗಿ ಏರ್‌ಪೋರ್ಟ್‌ನಲ್ಲಿ ಒಂದು 1,25,000 ಪೌಂಡ್‌ಗೆ ಹೋಯ್ತು. ನಡುವೆ 2010ರಲ್ಲಿ ಟ್ರಿನಿಟಾಸ್ ಅನ್ನೋ 64 ವರ್ಷದ್ದು, ಮೂರೇ ಬಾಟಲ್, ಒಂದಕ್ಕೆ ಒಂದು ಲಕ್ಷ ಪೌಂಡ್. ಈ ಎಲ್ಲ ಗಿರಾಕಿಗಳ ಪೈಕಿ ನನಗೆ ಮರ್ಯಾದೆ ಇರೋದು ಹೋಟೆಲ್‌ನವನ ಮೇಲೆ ಮಾತ್ರ, ಮಿಕ್ಕಿದವ್ರು ಕೊಂಡಿದ್ದು ಷೇರು.

ಒಂದು ವಿಷ್ಯ, 62 ಅಂದ್ರೆ ಒಳಗಿರೋ ಅತಿ ಚಿಕ್ಕ ವಯಸ್ಸಿನ ವಿಸ್ಕಿಯ ವಯಸ್ಸು. ಹಳೇದು ಎಷ್ಟು ಬೇಕಾದ್ರೂ ಸೇರಿರ್ಬೋದು.

ಬೆಂಗಳೂರಲ್ಲೇ ಪೀಪಾಯಿಲಿ 60 ವರ್ಷ ಇಟ್ರೆ ನಮಗೂ ಅಂಥದ್ದು ಸಿಗಲ್ವಾ?

ಪೀಪಾಯಿ ಸಿಗುತ್ತೆ, ವಿಸ್ಕಿ ಸಿಗಲ್ಲ. ಸ್ಕಾಟ್ಲೆಂಡ್ ಚಳಿಲಿ ವರ್ಷಕ್ಕೆ ಸುಮಾರು 2 ಪರ್ಸೆಂಟ್ ಆವಿಯಾಗಿ ಹೋಗುತ್ತೆ, 60 ವರ್ಷ ಆದ್ಮೇಲೂ 30 ಪರ್ಸೆಂಟ್ ಹತ್ರ ಉಳಿಯುತ್ತೆ. ಬೆಂಗಳೂರು ಹವೆಗೆ ವರ್ಷಕ್ಕೆ 10 ಪರ್ಸೆಂಟಿಗೂ ಜಾಸ್ತಿ ಹೋಗುತ್ತೆ, ಆ ಲೆಕ್ಕಕ್ಕೆ 30 ಪರ್ಸೆಂಟಿಗೆ ಇಳಿಯೋಕೆ 10-11 ವರ್ಷ ಸಾಕು. ಬೆಂಗಳೂರಿನದ್ದೇ ಡಿಸ್ಟಿಲರಿ ಅಮೃತ್‌ನವ್ರು ಇದನ್ನ ಚೆನ್ನಾಗಿ ಬಲ್ಲೋರು, ಅದಕ್ಕೇ ಅವರ ಸಿಂಗಲ್ ಮಾಲ್ಟ್ ಬಹುಪಾಲು ಚಿಕ್ಕ ವಯಸ್ಸಿಗೇ ಬಾಟಲ್ ಆಗೋದು, ಆವಿಯಾಗಿ ಹೋಗೋದನ್ನ ವಿಸ್ಕಿಯವ್ರು ದೇವತೆಗಳ ಪಾಲು ಅಂತಾರೆ, ಹಳೇದಕ್ಕೆ 'ಗ್ರೀಡಿ ಏಂಜಲ್ಸ್', ದುರಾಸೆಯ ದೇವತೆಗಳು, ಅಂತ ಹೆಸರಿಟ್ಟಿದ್ದೂ ಈ ಆವಿ ಕಾಟಕ್ಕೇ. 2004ರಲ್ಲಿ ಅಮೃತ್ ತನ್ನ ಸಿಂಗಲ್ ಮಾಲ್ಟ್‌ನ ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ. ಮಲ್ಯ ಸ್ಕಾಚ್ ಕಂಪ್ನಿ ಕೊಳ್ಳೋಕೆ ಮೂರು ವರ್ಷ ಮುಂಚೆ ಬೆಂಗಳೂರಿನ ಇನ್ನೊಂದು ಕಂಪ್ನಿ ಅವರ ಊರಿಗೇ ಹೋಗಿ ವಿಸ್ಕಿ ಮಾರಿತ್ತು, ನನಗೆ ಕೇಳಿದ್ರೆ ಅದು ಇನ್ನೂ ದೊಡ್ಡ ಧೈರ್ಯ.

ಆ ಗಾಢ ಬಣ್ಣ ಪೂರ್ತಿ ಶೆರ್ರಿ ಪೀಪಾಯಿದಾ?

ಪೂರ್ತಿ ಅಲ್ಲ, ಕ್ಯಾರಮಲ್ ಬಣ್ಣನೂ ಹಾಕ್ತಾರೆ. ಸ್ಕಾಚ್ ಕಾನೂನಲ್ಲಿ ಅದಕ್ಕೆ ಅವಕಾಶ ಇದೆ. ಈ ರೇಟಿನ ಬಾಟಲ್‌ಗೆ ಬಣ್ಣ ಯಾಕೆ ಬೇಕು ಅಂತ ವಿಸ್ಕಿ ಹುಚ್ಚರು ವರ್ಷಗಳಿಂದ ಬೈತಾನೇ ಇದಾರೆ, ನಾನೂ ಆ ಗುಂಪಲ್ಲೇ.

ಬ್ರಿಟನ್ ಜೊತೆ ಒಪ್ಪಂದ ಆಯ್ತಲ್ಲ, ಡಾಲ್ಮೋರ್ ರೇಟ್ ಅರ್ಧ ಆಗುತ್ತಾ?

ಆಸೆ ಇಟ್ಕೋಬೇಡಿ. 2025ರ ಜುಲೈನಲ್ಲಿ ಸಹಿ ಆದ ಒಪ್ಪಂದದ ಪ್ರಕಾರ ಸ್ಕಾಚ್ ಮೇಲಿನ 150 ಪರ್ಸೆಂಟ್ ಆಮದು ಸುಂಕ ಮೊದ್ಲು 75ಕ್ಕೆ, ಆಮೇಲೆ 10 ವರ್ಷದಲ್ಲಿ 40ಕ್ಕೆ ಇಳಿಯುತ್ತೆ. ಆದ್ರೆ ನಾವು ಬಾಟಲ್‌ಗೆ ಕೊಡೋ ದುಡ್ಡಲ್ಲಿ ರಾಜ್ಯದ ಅಬಕಾರಿ ಸುಂಕ, ಡೀಲರ್ ಮಾರ್ಜಿನ್ ಎಲ್ಲ ಇರುತ್ತಲ್ಲ, ಅದಕ್ಕೂ ಈ ಒಪ್ಪಂದಕ್ಕೂ ಸಂಬಂಧ ಇಲ್ಲ. ನಿಜವಾದ ಲಾಭ ಟ್ಯಾಂಕರ್‌ನಲ್ಲಿ ಸ್ಕಾಚ್ ತರಿಸಿ ಇಲ್ಲಿ ಬ್ಲೆಂಡ್ ಮಾಡೋ ಕಂಪ್ನಿಗಳಿಗೆ. ಮಲ್ಯ ಡಿಸ್ಟಿಲರಿನೇ ಕೊಂಡ್ಕೊಂಡು ಉಳಿಸೋಕೆ ನೋಡಿದ ಖರ್ಚು, ಈಗ ಅವ್ರಿಗೆಲ್ಲ ಕೂತಲ್ಲೇ ಒಂದಷ್ಟು ಉಳಿಯುತ್ತೆ.

ನೋಡೋಕೆ ಹೋಗೋದು ಹೇಗೆ?

ಇನ್ವರ್ನೆಸ್‌ನಿಂದ ಉತ್ತರಕ್ಕೆ ಹೋಗೋ ಫಾರ್ ನಾರ್ತ್ ಲೈನ್ ರೈಲು ಹತ್ತಿ ಆಲ್ನೆಸ್‌ನಲ್ಲಿ ಇಳೀರಿ, ರಸ್ತೆಲಾದ್ರೆ ಸುಮಾರು 35 ಕಿಲೋಮೀಟರ್. ಟೂರ್ ನಡೀತಿದ್ಯಾ ಅಂತ ಮೊದ್ಲೇ ವಿಚಾರಿಸ್ಕೊಂಡು ಬುಕ್ ಮಾಡಿ, ಸುಮ್ನೆ ಹೋಗಿ ನಿಂತ್ರೆ ಒಳಗೆ ಬಿಡ್ತಾರೆ ಅನ್ನೋ ನಂಬಿಕೆಲಿ ಹೋಗ್ಬೇಡಿ. ಬಿಡದೇ ಇದ್ರೂ ನಷ್ಟ ಇಲ್ಲ, ಅದೇ ಊರಲ್ಲಿ ಟೀನಿನಿಕ್ ಅಂತ ಇನ್ನೊಂದು ಹಳೇ ಡಿಸ್ಟಿಲರಿ ಇದೆ, ಕೊಲ್ಲಿ ತುಂಬ ತೈಲ ಬಾವಿ ತೋಡೋ ದೈತ್ಯ ರಿಗ್‌ಗಳನ್ನ ರಿಪೇರಿಗೆ ನಿಲ್ಸಿರ್ತಾರೆ, ಯಾಂಕಿ ಪಿಯರ್ ನೋಡೋಕೆ ಟಿಕೆಟ್ಟೂ ಬೇಡ.